ಹತ್ತು ಅರಿಸಿನದ ಕೊಂಬು, ಒಂದು ಸೈಕಲ್ ನಟ್ಟು

ಚಾಮರಾಜನಗರ
೧೨-೨-೧೯೫೫

ಪ್ರೀತಿಯ ಅಣ್ಣನಿಗೆ ನಿನ್ನ ತಂಗಿ ಶಿವಮ್ಮನ ನಮಸ್ಕಾರ.

ಕೆಮ್ಮು ವಾಸಿಯಾಯಿತೇ? ಬೆಂಗಳೂರಿನ ಲ್ಯಾಬೊರೇಟರಿಯ ಹೊಗೆಯ ನಡುವೆ ಮೆಣಸಿನ ಹಾಲು ಮರೆಯಬೇಡ. ಇಲ್ಲಿ ಎಲ್ಲರೂ ಕ್ಷೇಮ. ನನಗೆ ಮಾತ್ರ ನಿದ್ದೆಯಿಲ್ಲ. ಪುಟ್ಟಿಗೆ ಏಳು ತಿಂಗಳು ತುಂಬಿದರೂ, ಕೈಬಿಟ್ಟರೆ ಏನಾಗುತ್ತದೋ ಎಂದು ಎದೆಗವಚಿಕೊಂಡೇ ಕೂತಿರುತ್ತೇನೆ. ಇಲ್ಲಿಯ ಹೈಸ್ಕೂಲಿನವರು ಸೈನ್ಸ್ ಪಾಠಕ್ಕೆ ಬರುತ್ತೀರಾ ಎಂದು ಕೇಳಿದ್ದಾರೆ. ಇವರು ಅರಿಸಿನದ ವ್ಯಾಪಾರಕ್ಕೆ ಗುಂಡ್ಲುಪೇಟೆಗೆ ಹೊರಟಾಗ "ನಿನ್ನಿಷ್ಟ" ಎಂದರು. ಕೂಸನ್ನು ಬಿಟ್ಟು ಹೇಗೆ ಹೋಗಲಿ? ಹದಿನೈದು ದಿನದಿಂದ ಹೈಸ್ಕೂಲಿಗೆ ಉತ್ತರವನ್ನೇ ಬರೆದಿರಲಿಲ್ಲ.

ಅಷ್ಟರಲ್ಲಿ, ಹೊಸದಾಗಿ ಕಂಡುಹಿಡಿದ ರಾಸಾಯನಿಕವೊಂದರ ಸುದ್ದಿ ಹೊತ್ತ ನಿನ್ನ ಕಾಗದ ಬಂತು. ಐದೈದು ಇಂಗಾಲದ ಎರಡು ಬಳೆ, ನಡುವೆ ಒಂದೇ ಕಬ್ಬಿಣದ ಪರಮಾಣು! ಬಿ.ಎಸ್ಸಿ.ಯಲ್ಲಿ ಇಂಥ ಬಂಧ ಓದಿದವಳಲ್ಲ. ನಂಬಲಾಗದೆ ಮಾಡಿಯೇ ನೋಡಿದೆ. ನಮ್ಮ ಮನೆಯಲ್ಲಿ ಅರಿಸಿನದ ಕೊಂಬಿಗೆ ಬರವೇ? ಕೊಂಬೊಂದು ಇಂಗಾಲವೆಂದುಕೊಂಡು ಐದೈದನ್ನು ಬಳೆಯಂತೆ ಕಟ್ಟಿ, ನಡುವೆ ಇವರ ಸೈಕಲ್ಲಿನ ನಟ್ಟು ಇಟ್ಟೆ. ವಿಜ್ಞಾನಿಗಳು ಮೊದಲು ಊಹಿಸಿದ್ದರಂತಲ್ಲ, ಹಾಗೆ ಮೇಲಿನ ಬಳೆಯ ಒಂದು ಕೊಂಬಿಗೆ, ಕೆಳಗಿನ ಬಳೆಯ ಒಂದು ಕೊಂಬಿಗೆ ಮಾತ್ರ ನಟ್ಟನ್ನು ದಾರದಿಂದ ಬಿಗಿದೆ. ಒಂದೇ ಸಮ ವಾಲಾಡಿತು. ಆಮೇಲೆ ನೀನು ಬರೆದಂತೆ ಹತ್ತಕ್ಕೂ ಸಮನಾಗಿ ಕಟ್ಟಿದೆ; ಅಲುಗಲಿಲ್ಲ.

ಹಂಡೆಗೆ ಉರಿ ಹಾಕಿ ಬರುವಷ್ಟರಲ್ಲಿ ಅತ್ತೆ ಅದನ್ನು ತೊಟ್ಟಿಲ ಮೇಲೆ ತೂಗುಹಾಕಿದ್ದರು! ಅರಿಸಿನ, ಕಬ್ಬಿಣ ಎರಡೂ ಇದ್ದಮೇಲೆ ದೃಷ್ಟಿಗೆ ಕಟ್ಟುವುದಲ್ಲದೆ ಇನ್ನೇನು? ಪಕ್ಕದ ಮನೆಯ ಖುರ್ಷೀದ್ ಬೇಗಂ ಬಂದವರೇ "ನಮ್ ಮೊಮ್ಮಗ ಸರ್ದಾರಂಗೂ ಒಂದು ಕಟ್ಕೊಡು ಮಗಾ" ಎಂದರು. ನಗು ತಡೆಯಲಾರದೆ ಇಬ್ಬರಿಗೂ ನಿಜ ಹೇಳಿದೆ. ಅತ್ತೆ ಕೊಂಬುಗಳನ್ನು ಎಣಿಸಿ, "ಯಾವ ಕೊಂಬು ಜಾಸ್ತಿ ಇಡ್ಕಂಡದೆ?" ಎಂದರು. ಯಾವುದೂ ಅಲ್ಲ, ಹತ್ತೂ ಸಮ, ಕಾಯಿಸಿದರೂ ಬಿಡುವುದಿಲ್ಲವಂತೆ ಎಂದೆ. "ಅಲ್ಲ ಕಣಮ್ಮಿ, ಅತ್ತು ಕೊಂಬೂ ಸೇರಿ ಇಡ್ಕಂಡ್ರೆ ಕಬ್ಬಿಣನೇ ಬೀಳಕಿಲ್ಲ ಅಂತೀಯೆ. ನೀನೊಬ್ಳೇ ಯಾಕೆ ಕೂಸ್ನ ಅವುಚ್ಕಂಡು ಒದ್ದಾಡ್ತೀಯೆ? ನಾವೆಲ್ಲ ಸತ್ತೋಗಿದ್ದೀವಾ?" ಎಂದು ಅತ್ತೆ ಗದರಿದರು.

ಬೇಗಂ ನಗುತ್ತ ಪುಟ್ಟಿಯನ್ನು ನನ್ನ ತೋಳಿನಿಂದ ಎತ್ತಿಕೊಂಡರು. ಅಳುವುದಿರಲಿ, ಅವರ ಓಲೆ ಹಿಡಿದು ಜಗ್ಗಿದಳು, ಕಳ್ಳಿ! ನಾನು ಅಲ್ಲೇ ಚಾಪೆಯ ಮೇಲೆ ಒರಗಿದವಳು, ಎದ್ದಾಗ ದೀಪ ಹಚ್ಚುವ ಹೊತ್ತು.

ಅತ್ತೆಯವರು ನಿನಗೆ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ಇನ್ನೂ ಮದುವೆಯಾಗದ್ದಕ್ಕೆ ಬೈಗುಳವನ್ನೂ.

ನಿನ್ನ
ಶಿವಮ್ಮ

ಮರೆತಿದ್ದೆ: ಹೈಸ್ಕೂಲಿಗೆ ಬರುತ್ತೇನೆಂದು ಬರೆದು ಅಂಚೆಗೆ ಹಾಕಿದೆ. ನನ್ನ ಡಿಗ್ರಿ ಸರ್ಟಿಫಿಕೇಟು ನಿನ್ನ ಟ್ರಂಕಿನಲ್ಲಿದೆ. ಗುರುವಾರದೊಳಗೆ ಸಿಗುವಂತೆ ರಿಜಿಸ್ಟರ್ ಮಾಡಿ ಕಳಿಸು. ಇವರು ಬಂದು ಸೈಕಲ್ಲಿನ ನಟ್ಟು ಕೇಳುತ್ತಾರೆ, ಹೊಸದು ಕೊಳ್ಳಲಿ. ತೊಟ್ಟಿಲಿನದನ್ನು ಬಿಚ್ಚಲು ಅತ್ತೆ ಬಿಡುವುದಿಲ್ಲ. ಈಗ ನಾನೂ ಬಿಡುವುದಿಲ್ಲ.