ನಂದಾನ ಕೊನೀ ಫೋಟೋ

ಜೂನ್ 9, ಕುಂದಗೋಳ

ಬ್ರಶ್ ತೊಳದಾತು. ಇನ್ನೊಂದು ಚಿತ್ರ ಮುಗೀತು. ಗುಡಗೇರಿ ಅಬ್ದುಲ್‌ಸಾಬ್ರ ಸ್ಟುಡಿಯೋದ ಹಳೇ ಫೋಟೋ. ಅವ್ರು ತೀರಿಕೊಂಡ ಮ್ಯಾಲೆ ಹೆಂಡ್ತಿ ಜರೀನಾಬಿ ರದ್ದಿಗೆ ಹಾಕಾಕ ಹೊಂಟಿದ್ರು, ನಾ ಎತ್ತಿಕೊಂಡು ಬಂದೆ. ನೆಗೆಟಿವ್ ಒಂದೂ ಉಳದಿಲ್ಲ. ಪ್ರಿಂಟಿನ ಮ್ಯಾಲೇ ನೇರ ಆಯಿಲ್ ಬಣ್ಣ.

ಇವತ್ತಿನ ಫೋಟೋದಾಗಿನ ಹುಡುಗಿ ಹೊರಸಿನ ಮ್ಯಾಲೆ ಮಲಗ್ಯಾಳ. ಸತ್ತಾಕಿ — ಮೂಗಿನ್ಯಾಗ ಹತ್ತಿ. ಬಣ್ಣ ಹಚ್ಚಿ ಹತ್ತಿ ಮರಿ ಮಾಡಿದೆ. ಕುತಗಿಗೆ ಒಂದು ಕಪ್ಪು ಗೆರಿ ಇತ್ತು, ಅದನ್ನೂ ಮುಚ್ಚಿದೆ. ನಿದ್ದಿ ಮಾಡಿದಂಗ ಕಾಣ್ತಾಳ ಈಗ. ಚಂದ ಬಂತು.

ಯಾರ ಮಗಳೋ... ಜರೀನಾಬೀನ್ನ ಕೇಳಬೌದಿತ್ತು. ಕೇಳಲಿಲ್ಲ.

ಜುಲೈ 20

ಹುಬ್ಬಳ್ಳಿ ಪ್ರದರ್ಶನ ಮುಗೀತು. ಪೇಪರಿನ್ಯಾಗ ಅದೇ ಚಿತ್ರ ಹಾಕ್ಯಾರ. ಫೋನ್ ಮ್ಯಾಲೆ ಫೋನ್. ಅಗದಿ ಖುಷಿ.

ಜುಲೈ 23, ಮಧ್ಯಾಹ್ನ

ಯರಗುಪ್ಪಿಯಿಂದ ಸುನಿತಾ ಅಂತ ಒಬ್ಬಾಕಿ ಬಂದಿದ್ಲು. ಕೈಯಾಗ ಪೇಪರ್ ತುಣುಕು. ಕುಂದರ್ರಿ ಅಂದ್ರೂ ಕುಂದರಲಿಲ್ಲ.

"ನಮ್ಮಕ್ಕ ನಂದಾ ರೀ ಇಕಿ. ಬಾವ್ಯಾಗ ಜಾರಿ ಬಿದ್ಲು ಅಂದ್ರು ಗಂಡನ ಮನ್ಯಾವ್ರು. ನಾ ಆಗ ಸಣ್ಣಾಕಿ. ಕುತಗಿ ನೋಡಿದ್ದೆ. ಹಗ್ಗದ ಗುರ್ತು ಐತಿ ಅಂದೆ. ಯಾರೂ ನಂಬಲಿಲ್ರಿ, ನಮ್ಮವ್ವ ಸುದ್ದಾ."

ಪೇಪರ್ ತುಣುಕು ನನ್ನ ಮುಂದ ಹಿಡದ್ಲು.

"ಅಪ್ಪ ಫೋಟೋ ತಗಸಿದ್ದ. ಸ್ಟುಡಿಯೋದಿಂದ ಇಸ್ಕೊಂಡು ಬರಾಕ ಧೈರ್ಯ ಆಗಲಿಲ್ಲ ಅವಂಗ. ಬಣ್ಣದ ಕೆಳಗ ಗುರ್ತು ಇರತೈತಲ್ರಿ ಮೇಡಂ? ಬಣ್ಣ ತಗೀರಿ."

ಜುಲೈ 24

ಬಣ್ಣ ಒಣಗಿ ಗಟ್ಟಿ ಆಗೇತಿ. ಥಿನ್ನರಿಗೆ ಬಗ್ಗಲಿಲ್ಲ. ಬ್ಲೇಡಿಲೆ ಕೆರದೆ. ಬಣ್ಣದ ಜೋಡಿ ಫೋಟೋನೂ ಎದ್ದು ಬಂತು. ಕುತಗಿ ಇದ್ದಲ್ಲೆ ಬರೇ ಬಿಳೇ ಕಾಗದ.

ಸುನಿತಾಗ ಫೋನ್ ಹಚ್ಚಿ ಹೇಳಿದೆ. ಆಕಿ ಕೇಳಿದ್ಲು —

"ನೀವರ ನೋಡೀರಲ್ರಿ ಗುರ್ತು?"

"ನೋಡೇನಿ."

"ಹಂಗಾರ ಬರ್ರಿ. ಅವ್ವಗ ಹೇಳ್ರಿ."

ಆಗಸ್ಟ್ 11

ಇಷ್ಟು ದಿನ ಸುನಿತಾ ಫೋನ್ ಮಾಡಿದ್ರೂ ನಾ ಎತ್ತಲಿಲ್ಲ. ಬ್ರಶ್ಶೂ ಮುಟ್ಟಲಿಲ್ಲ. ಇವತ್ತು ಯರಗುಪ್ಪಿಗೆ ಹೋದೆ.

ನಂದಾನ ಅವ್ವ ಸಾವಿತ್ರೆವ್ವ ಗ್ವಾಡಿಗೆ ಆನಿಕೊಂಡು ಕುಂತಿದ್ರು.

"ನಿನ್ನ ಕಣ್ಣಿಲೆ ನೋಡಿಯೇನವಾ?"

"ಹೌದ್ರಿ. ನಾನ ಅಳಿಸಿದೆ."

ಬೈಲಿಲ್ಲ. ಅಳಲಿಲ್ಲ. ಸುನಿತಾ ಬಾಗಲದಾಗ ನಿಂತು ಅವ್ವನ ಮಾರಿ ನೋಡತಿದ್ಲು. ಸಾವಿತ್ರೆವ್ವ ಸೆರಗು ಸರಿಸಿದ್ರು. ನನ್ನ ಕೈ ಹಿಡದು ತಮ್ಮ ಕುತಗಿ ಮ್ಯಾಲೆ ಇಟಗೊಂಡ್ರು.

"ಎಲ್ಲಿಂದ ಎಲ್ಲಿತನಕ ಇತ್ತು? ತೋರಸು."

ಎಡಗಿವಿ ಕೆಳಗಿಂದ ಸುರು ಮಾಡಿದೆ. ಗಂಟಲ ಹತ್ರ ಬರೂತ್ಲೆ ಅವ್ರು ನನ್ನ ಕೈ ಅಲ್ಲೇ ಗಟ್ಟಿ ಹಿಡದು, ಬಾಗಲದಾಗಿನ ಸುನಿತಾಗ "ನೀ ಹೇಳಿದ್ದು ಖರೇ ಇತ್ತವಾ" ಅಂದ್ರು.