ನನ್ನ ಹೆಸರಿನ ಬೀಗ

ಮಾರ್ಚ್ 3, ಸೋಮವಾರ. ಸಂಜೆ 7.40

ಅಪ್ಪನ ಬಾಯಿಂದ ‘ನೀರು’ ಬಂತು. ‘ಕುರ್ಚಿ’ ಬಂತು. ‘ಬಾಗಿಲು’ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಫೋನ್. ಸೂಪರ್‌ವೈಸರ್. ಲಿಫ್ಟ್ ರಿಪೇರಿಯ ನಾವು ಐವರೂ ಅವನನ್ನು ಬೆನ್ನ ಹಿಂದೆ ಕರೆಯುವುದು ‘ಐದೇ ನಿಮಿಷ’ ಎಂದು. ಐದೇ ನಿಮಿಷದ ಕೆಲಸ, ಹೋಗಿ ಬಾ ಎಂದ. ಅಪ್ಪನಿಗೂ ಅದನ್ನೇ ಹೇಳಿ ಹೋದೆ. ಮರಳಿದ್ದು ಒಂದು ಗಂಟೆಯ ಮೇಲೆ. ಅಪ್ಪ ಪದಗಳ ಕಾರ್ಡನ್ನು ಬೋರಲು ಹಾಕಿ ಗೋಡೆ ಕಡೆ ತಿರುಗಿದ್ದರು.

ಸ್ಟ್ರೋಕ್ ಆಗಿ ನಾಲ್ಕು ತಿಂಗಳು. ದಿನಾ ಒಂದು ಗಂಟೆ, ಒಂದೇ ಹೊತ್ತಿಗೆ, ತಪ್ಪದೆ ಮಾತಾಡಿಸಿ ಎಂದಿದ್ದಾರೆ ಥೆರಪಿಸ್ಟ್. ಅಮ್ಮ ಆರಕ್ಕೆ ಡ್ಯೂಟಿಗೆ ಹೋಗುತ್ತಾಳೆ. ಆ ಗಂಟೆ ನನ್ನದು. ನಾನು ಮಾರಿದ್ದು ಹಗಲು ಮಾತ್ರ. ಸಂಜೆಯನ್ನು ಯಾರಿಗೂ ಬರೆದುಕೊಟ್ಟಿಲ್ಲ.

ಮಾರ್ಚ್ 4

ಅರ್ಜಿ ಬರೆದೆ. ಆರರ ನಂತರದ ತುರ್ತು ಕರೆ ಸರದಿಯಂತೆ ಒಬ್ಬರಿಗೆ. ಉಳಿದ ನಾಲ್ವರ ಫೋನ್ ಆಫ್. ಕರಡಿನಲ್ಲಿ ‘ಶೋಷಣೆ’ ಒಂಬತ್ತು ಸಲ ಇತ್ತಂತೆ. ಎಣಿಸಿದ್ದು ಮಾವ – ನಮ್ಮ ಹಿರಿಯ ಮೆಕ್ಯಾನಿಕ್, ಎಲ್ಲರಿಗೂ ಮಾವ. ನನಗೆ ‘ಕರಪತ್ರ’ ಎಂದು ಹೆಸರಿಟ್ಟವರೂ ಅವರೇ. ಎರಡು ಉಳಿಸಿ ಮಿಕ್ಕದ್ದು ಹೊಡೆದರು. ಸಹಿ ಹಾಕುತ್ತ, “ಸರಿಯಾಗೇ ಬರ್ದಿದೀಯ ಕರಪತ್ರ. ಆದ್ರೆ ಲಿಫ್ಟಿಗೆ ಗಡಿಯಾರ ನೋಡೋಕೆ ಬರಲ್ಲ, ನೆನಪಿರ್ಲಿ” ಎಂದರು.

ಸೂಪರ್‌ವೈಸರ್ ಒಪ್ಪಿದ. ಎರಡು ವಾರ ನೋಡೋಣ, ಒಂದು ದೂರು ಬಂದರೂ ಕಾಗದ ಕಸದ ಬುಟ್ಟಿಗೆ ಎಂದ.

ಮಾರ್ಚ್ 7

ಆರಕ್ಕೆ ಫೋನ್ ಆಫ್, ನೇರ ಅಮ್ಮನ ಹೊಲಿಗೆ ಡಬ್ಬಕ್ಕೆ. ‘ಬಾಗಿಲು’ ಪೂರ್ತಿ ಬಂತು. ಅಪ್ಪನ ಕಣ್ಣು... ಬರೆಯಲಾರೆ.

ಮನೆ ಬದಲಿಸಿದ್ದನ್ನೂ ಆಫೀಸಿಗೆ ಹೇಳಿಲ್ಲ. ಕೇಳಲು ಅವರ್ಯಾರು?

ಮಾರ್ಚ್ 13, ಗುರುವಾರ. ಸಂಜೆ 7.15

ಆರಂತಸ್ತಿನ ಕಟ್ಟಡ. ಕೆಲಸ ಮುಗಿಸಿ ಲಿಫ್ಟಿನ ಬುಡದ ಗುಂಡಿಯಿಂದ ಹತ್ತಿ ಬಂದಾಗ 5.50. ಸೂಪರ್‌ವೈಸರ್ ಫೋನು: ರಿಪೋರ್ಟ್ ಇವತ್ತೇ ಬೇಕಂತೆ. ನಾಳೆ ಎಂದೆ. ವಾದ. ಅವನು ಮಾತಾಡುತ್ತಿರುವಾಗಲೇ ಆರಾಯಿತು. ಕಟ್ ಮಾಡಿದೆ. ಗೆದ್ದೆ. ಚೀಲ ಹೆಗಲಿಗೆ, ನೇರ ಮನೆಗೆ.

ಅಪ್ಪ ಇವತ್ತು ಎರಡು ಪದ ಸೇರಿಸಿದರು: “ನೀರು ಬೇಡ.”

ಮಾರ್ಚ್ 14, ಬೆಳಿಗ್ಗೆ 6.10

ಕೋಟಿನ ಜೇಬಿನಲ್ಲಿ ಕೀಲಿ. ನಿನ್ನೆ ಲಿಫ್ಟಿನ ಸ್ವಿಚ್ಚಿಗೆ ಹಾಕಿದ ಬೀಗ ತೆಗೆದೇ ಇಲ್ಲ. ಫೋನ್ ಆನ್ ಮಾಡಿದೆ. ಮೂವತ್ತೊಂದು ಮಿಸ್ಡ್ ಕಾಲ್. ಹೊರಟೆ –

ಅದೇ ದಿನ, ಮಧ್ಯಾಹ್ನ

ಬರೆಯಲೇಬೇಕು. ಗುಂಡಿಗೆ ಇಳಿಯುವ ಮೊದಲು ಮೇನ್ ಸ್ವಿಚ್ಚಿಗೆ ನಮ್ಮ ನಮ್ಮ ಹೆಸರಿನ ಬೀಗ ಹಾಕುತ್ತೇವೆ. ಹಾಕಿದವರೇ ತೆಗೆಯಬೇಕು. ಬೀಗ ಇದೆ ಎಂದರೆ ಆ ಹೆಸರಿನ ಮನುಷ್ಯ ಒಳಗಿದ್ದಾನೆ ಎಂದರ್ಥ.

ನಿನ್ನೆ ಸರದಿ ಮಾವನದು. ಆರನೇ ಮಹಡಿಯ ನಿವೃತ್ತ ಟೀಚರ್, ಗಾಲಿಕುರ್ಚಿಯವರು, ಆಸ್ಪತ್ರೆಯಿಂದ ಬಂದು ಕೆಳಗೇ ಸಿಕ್ಕಿಕೊಂಡಿದ್ದರು. ಮಾವ ಬಂದು ನೋಡಿದರೆ ನನ್ನ ಬೀಗ. ಕತ್ತರಿಸಿ ಹಾಕು ಎಂದನಂತೆ ಸೂಪರ್‌ವೈಸರ್. “ಅವಳು ಒಳಗಿದ್ರೆ?” ಎಂದರಂತೆ ಮಾವ. ನನ್ನ ಫೋನ್ ಆಫ್. ಮನೆ ಎಲ್ಲೆಂದು ಯಾರಿಗೂ ಗೊತ್ತಿಲ್ಲ. ನಾನು ಹೊರಟದ್ದನ್ನು ವಾಚ್‌ಮನ್ ನೋಡಿಲ್ಲ. ಮಾವ ಟಾರ್ಚ್ ಹಿಡಿದು ಗುಂಡಿಗೆ ಇಳಿದಿದ್ದಾರೆ. ಮಹಡಿ ಮಹಡಿಯಲ್ಲೂ ಬಾಗಿಲು ಬಿಚ್ಚಿ ಕತ್ತಲೆಗೆ ನನ್ನ ಹೆಸರು ಕೂಗಿದ್ದಾರೆ. ಕರಪತ್ರ ಎಂದಲ್ಲ, ನಿಜವಾದ ಹೆಸರು. ವಾಚ್‌ಮನ್ ಹೇಳಿದ. ಒಂದು ಗಂಟೆ. ಆಮೇಲೆ ಅವನೂ ಮಾವನೂ ಟೀಚರನ್ನು ಕುರ್ಚಿ ಸಮೇತ ಹೊತ್ತು ಮೆಟ್ಟಿಲು ಹತ್ತಿದ್ದಾರೆ. ಮಾವನ ಸೊಂಟ ಹಿಡಿದಿದೆ. ಹಾಸಿಗೆಯಲ್ಲಿದ್ದಾರೆ.

ಆ ಒಂದು ಗಂಟೆ ನಾನು ‘ನೀರು ಬೇಡ’ ಕೇಳಿ ಕುಣಿಯುತ್ತಿದ್ದೆ.

ಮಾರ್ಚ್ 17

ಸೂಪರ್‌ವೈಸರ್ ಕರೆಸಿದ. ಆರರ ಮೇಲೆ ಫೋನ್ ಆಫ್ ಮಾಡಿದ್ದೇ ತಪ್ಪು ಎಂದು ಬರೆದುಕೊಡಬೇಕಂತೆ, ಆಗ ಕೆಲಸ ಉಳಿಯುತ್ತದಂತೆ. ಬರೆದರೆ ಐವರ ಸಂಜೆಯೂ ಹೋಯಿತು. ಬರೆಯದಿದ್ದರೆ ನಾನು ಹೋದೆ.

ಮಾವನ ಮನೆಗೆ ಹೋದೆ. ಕ್ಷಮೆ ಕೇಳಲು ಬಾಯಿ ತೆರೆದರೆ ಅಪ್ಪನಿಗಿಂತ ಕಡೆಯಾದೆ. ಮಾವ ನಗಲು ಹೋಗಿ ಸೊಂಟ ಹಿಡಿದುಕೊಂಡರು. “ಒಂಬತ್ ಸಲ ಶೋಷಣೆ ಬರ್ದೋಳು ಒಂದ್ ಬೀಗ ಮರ್ತೆ. ಮರ್ತಿದ್ದು ಬೀಗ ತಾನೆ? ಅದನ್ನ ಬರಿ. ಮಾಡ್ದೇ ಇರೋ ತಪ್ಪನ್ನ ಯಾಕೆ ಬರೀತೀಯ?”

ಮಾರ್ಚ್ 18, ಸಂಜೆ 6.20

ಮಧ್ಯಾಹ್ನ ಕೊಟ್ಟೆ. ನಾಲ್ಕೇ ಸಾಲು. ಬೀಗ ಮರೆತದ್ದು ನನ್ನ ತಪ್ಪು, ಶಿಕ್ಷೆ ಒಪ್ಪುತ್ತೇನೆ. ಇನ್ನು ಬೀಗ, ಕೀಲಿ ಎರಡನ್ನೂ ಆಫೀಸಿನ ಮೊಳೆಗೆ ತೂಗಿದ ಮೇಲೆಯೇ ಮನೆಗೆ. ಹೊಸ ವಿಳಾಸ ಇಗೋ. ಆರರ ನಂತರದ ಹೊತ್ತು ನಮ್ಮದು, ಅದು ತಪ್ಪಲ್ಲ. ‘ಶೋಷಣೆ’ ಒಂದೂ ಇಲ್ಲ.

ಸೂಪರ್‌ವೈಸರ್ ಓದಿದ. ಮಡಚಿದ. “ಇವತ್ತು ನಿನ್ ಸರದಿ ಅಲ್ಲ ಅಲ್ವಾ? ಆರೂವರೆಗೆ ಫೋನ್ ಮಾಡ್ತೀನಿ. ಎತ್ತಿದ್ರೆ ನಾಳೆ ಬಾ.”

ಫೋನ್ ಮೇಜಿನ ಮೇಲಿದೆ. ಡಬ್ಬಕ್ಕೆ ಹಾಕಲು ಕೈ ಬರುತ್ತಿಲ್ಲ. ಕೆಲಸವೇ ಹೋದರೆ ಥೆರಪಿಸ್ಟ್ ಎಲ್ಲಿ, ಈ ಗಂಟೆ ಎಲ್ಲಿ... ಅಪ್ಪನಿಗೆ ಎಲ್ಲ ಹೇಳಿದೆ. ಎಷ್ಟು ತಿಳಿಯಿತೋ.

6.30. ರಿಂಗಾಗುತ್ತಿದೆ. ನಾನು ಪೆನ್ನನ್ನೇ ಹಿಡಿದು ಕೂತಿದ್ದೇನೆ. ಅಪ್ಪ ಎಡಗೈ ಚಾಚಿ ಫೋನನ್ನು ಬೋರಲು ಹಾಕಿದರು. ರಿಂಗ್ ನಿಂತಿಲ್ಲ, ಮೇಜೆಲ್ಲ ನಡುಗುತ್ತಿದೆ. ಅದರ ಮೇಲೆ ಬಾಗಿದ್ದಾರೆ. ಕಾರ್ಡಿನಲ್ಲಿಲ್ಲದ ಮಾತು, ಒಂದೊಂದೇ ಅಕ್ಷರ – “ಐ... ದೇ... ನಿ... ಮಿ... ಷ.”