ಸೊನ್ನೆ ದಾಟಿ ಇಳಿದ ಮುಳ್ಳು

ಮನೆಯಿಂದ,
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ತಮ್ಮನಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಬೆನ್ನುನೋವು ಈಗ ಹೇಗಿದೆ? ಗೋದಾಮಿನಲ್ಲಿ ಭಾರ ಎತ್ತುವಾಗ ಮಂಡಿಯನ್ನು ಬಗ್ಗಿಸು, ಬೆನ್ನನ್ನಲ್ಲ. ಇಲ್ಲಿ ನಿನ್ನ ಅತ್ತಿಗೆ ಕ್ಷೇಮ. ನಾನೂ ಕ್ಷೇಮವೆಂದು ಬರೆದರೆ ವಾಕ್ಯವೇನೋ ಶುದ್ಧವಾಗಿಯೇ ಇರುತ್ತದೆ.

ಅಮ್ಮನ ಪೆಟ್ಟಿಗೆಯಲ್ಲಿ ಫೋಟೋ ತೆಗೆಯುವ ಮುನ್ನ ನೀನು ಬೆಳಕು ಅಳೆಯುತ್ತಿದ್ದ ಹಳೆಯ ಲೈಟ್ ಮೀಟರ್ ಸಿಕ್ಕಿತು. ಆರು ವರ್ಷಗಳ ಹಿಂದೆ ನೀನು ಮೇಜಿನ ಮೇಲೆ ಬಿಟ್ಟುಹೋದದ್ದನ್ನು ಅವಳು ಶಾಲಿನಲ್ಲಿ ಸುತ್ತಿಟ್ಟಿದ್ದಳು. ಬೆಳಕಿಗೆ ಹಿಡಿದರೂ ಮುಳ್ಳು ಅಲುಗಲಿಲ್ಲ. ಗಡಿಯಾರ ರಿಪೇರಿಯವನ ಬಳಿಗೆ ಒಯ್ದೆ. "ನೀವೇ ಬಿಚ್ಚಿ ಮೇಷ್ಟ್ರೇ, ಏನಾದ್ರೂ ಕಳೆದುಹೋದ್ರೆ ನನಗೆ ಪಾಠ ಶುರು ಮಾಡ್ತೀರ" ಎಂದು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟ. ಬಿಚ್ಚಿದ ಕ್ರಮದಲ್ಲಿಯೇ ಒಂದೊಂದು ಭಾಗವನ್ನೂ ಬಿಳಿಯ ಹಾಳೆಯ ಮೇಲೆ ಅಂಕಿ ಹಾಕಿ ಇಟ್ಟೆ. ಬೆಳಕು ಹೀರುವ ಬಿಲ್ಲೆ ಚೆನ್ನಾಗಿಯೇ ಇತ್ತು. ಅದಕ್ಕೆ ತಾಗುವ ತಗಡಿಗೆ ಕಿಲುಬು ಹಿಡಿದಿತ್ತು. ಸ್ಪಿರಿಟ್‌ನಿಂದ ಒರೆಸಿ ಜೋಡಿಸಿದೊಡನೆ ಮುಳ್ಳು ಎದ್ದಿತು. ನನಗೆ ಕೊಂಚ ಹೆಮ್ಮೆಯೂ ಆಯಿತು. ಆಗ ಅವನು ಹೆಬ್ಬೆರಳಿನಿಂದ ಬೆಳಕಿನ ಕಿಂಡಿಯನ್ನು ಮುಚ್ಚಿದ. ಮುಳ್ಳು ಸೊನ್ನೆಯನ್ನೂ ದಾಟಿ ಕೆಳಗಿಳಿಯಿತು. "ಯಾರೋ ಮಹಾ ತಿಳಿದವರು ಕಿಂಡಿ ಮುಚ್ಚದೇನೇ ಸೊನ್ನೆ ಸರಿಮಾಡಿದ್ದಾರೆ. ಇದು ಇರೋ ಬೆಳಕನ್ನ ಕಡಿಮೆ ತೋರಿಸುತ್ತೆ. ಇದನ್ನ ನಂಬಿ ಕ್ಯಾಮೆರಾಗೆ ಬೆಳಕು ಜಾಸ್ತಿ ಬಿಟ್ಟು ತೆಗೆದ ಫೋಟೋ ಬೆಳ್ಳಗೆ ಸುಟ್ಟುಹೋಗಿರುತ್ತೆ. ಯಾರು ಸಾರ್ ಅವರು?" ಎಂದ. ತಿಳಿಯದು ಎಂದೆ.

ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದ ಅಮ್ಮ ತನ್ನ ಎಂಬತ್ತನೆಯ ಹುಟ್ಟುಹಬ್ಬದಂದು ಮಾತ್ರ ನಿನ್ನೆದುರು ಕೂರಲು ಒಪ್ಪಿದ್ದಳು. ಆ ಚಿತ್ರದಲ್ಲಿ ಕುರ್ಚಿಯಿದೆ, ಶಾಲಿನ ಅಂಚಿದೆ. ಮುಖವಿರಬೇಕಾದಲ್ಲಿ ಬರಿಯ ಬಿಳುಪು. "ಮೀಟರ್ ಹೇಳಿದ ಹಾಗೇ ತೆಗೆದಿದ್ದೀನಿ ಅಣ್ಣ" ಎಂದೆ ನೀನು. "ಉಪಕರಣದ ಮೇಲೆ ಗೂಬೆ ಕೂರಿಸಬೇಡ" ಎಂದು ನೆಂಟರೆದುರಿಗೆ ಗದರಿದೆ ನಾನು. ಮರುವಾರ ನೀನು ಹೊರಟೆ, ಮರುವರ್ಷ ಅವಳು. ನೀನು ಮತ್ತೆ ಕ್ಯಾಮೆರಾ ಮುಟ್ಟಲಿಲ್ಲವೆಂದು ನಿನ್ನ ಅತ್ತಿಗೆ ಹೇಳಿದಳು. ತಪ್ಪು ನಿನ್ನದಾಗಿರಲಿಲ್ಲ, ಉಪಕರಣದ್ದೇ ಆಗಿತ್ತು. ಈಗ ಕಿಂಡಿ ಮುಚ್ಚಿ ಸೊನ್ನೆ ಹೊಂದಿಸಿದ್ದೇವೆ. ಇದರೊಡನೆ ಕಳುಹಿಸುತ್ತಿದ್ದೇನೆ.

ನಿನ್ನ ಕಣ್ಣಿಗೂ ಕೈಗೂ ಒಳಿತಾಗಲಿ.

ಇತಿ,
ನಿನ್ನ ಅಣ್ಣ

ತಾ.ಕ.: ಅಂಚೆಯ ಹೊತ್ತಾಯಿತು. ಬರೆದದ್ದನ್ನು ಓದಿ ನೋಡಿದೆ. ಉಪಕರಣದ ಮೇಲೆ ಗೂಬೆ ಕೂರಿಸಿದ್ದೇನೆ. ಹುಟ್ಟುಹಬ್ಬದ ಹಿಂದಿನ ಸಂಜೆ, ನಿನ್ನ ಮೇಜಿನ ಮೇಲಿದ್ದ ಮೀಟರಿನ ಮುಳ್ಳು ಸೊನ್ನೆಗಿಂತ ಎರಡು ಗೆರೆ ಮೇಲಿದೆಯೆಂದು ಕಿಂಡಿ ಮುಚ್ಚದೆಯೇ ಅದರ ತಿರುಪನ್ನು ತಿರುಗಿಸಿದವನು ನಾನು. ನೀನು ಮೀಟರಿನ ಮಾತೆತ್ತಿದಾಗಲೇ ನನಗದು ನೆನಪಾಗಿತ್ತು.